ಚಾಪೆ ಹೊದ್ದು ಕೂತವರು

ಅವರು ಬಂದೇ ಬರುತ್ತಾರೆಂದು ನಮಗೆ ಗೊತ್ತಿತ್ತು. ಬೆಳಗಾಗುವಷ್ಟರಲ್ಲಿ ತೆಂಗಿನ ಗರಿಯ ತಟ್ಟಿ ಸರಿಸಿ ನೋಡಿದರೆ ಅಂಗಳದ ಜಲ್ಲಿಯ ಮೇಲೆ ಹನ್ನೆರಡು ಜನ ತಲೆ ತಗ್ಗಿಸಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಅವರ ಮನೆತನದ ಯಜಮಾನ ಪಾಗಾ, ಎಪ್ಪತ್ತರ ಮುದುಕ, ಬಟ್ಟೆಯಷ್ಟು ನಯವಾದ ದೊಡ್ಡ ಚಾಪೆಯನ್ನು ತಲೆಯಿಂದ ಮುಸುಕು ಹಾಕಿಕೊಂಡಿದ್ದ. ಪಕ್ಕದಲ್ಲಿ ಸೌದೆ, ಕಲ್ಲು, ಎಲೆ. ತಪ್ಪು ನಮ್ಮದು, ಬೇಕಾದರೆ ನಮ್ಮನ್ನೇ ಸುಟ್ಟು ತಿನ್ನಿ ಎಂದು ನಮ್ಮ ಸಮೋವಾ ದ್ವೀಪದಲ್ಲಿ ಅದರ ಅರ್ಥ. ನಾಲ್ಕು ದಿನದ ಹಿಂದೆ ಪಾಗಾನ ಮೊಮ್ಮಗ ಓಡಿಸುತ್ತಿದ್ದ ಪಿಕಪ್ ಗಾಡಿ ನನ್ನ ತಮ್ಮನ ಮಗ ಎನೆಲಿಕೊನ ಮೇಲೆ ಹರಿದಿತ್ತು. ಹುಡುಗ ಅಲ್ಲೇ ಸತ್ತಿದ್ದ.

ಚಾಪೆ ಎತ್ತಿದರೆ ಕ್ಷಮೆ. ಅದರ ಬದಲು ಕತ್ತಿ ಎತ್ತಿದರೆ ಮುಸುಕಿನೊಳಗಿನವನು ಕೈ ಅಡ್ಡ ತರುವಂತಿಲ್ಲ. ಯಾವುದನ್ನು ಎತ್ತಬೇಕು ಎಂಬುದು ನನ್ನ ತಮ್ಮ ರೋಪಾತಿಗೆ ಬಿಟ್ಟದ್ದು. ಅವನು ಕಂಬಕ್ಕೆ ಒರಗಿ, ತೊಡೆಯ ಮೇಲೆ ಉದ್ದನೆಯ ಕತ್ತಿ ಇಟ್ಟುಕೊಂಡು ಕೂತಿದ್ದ. ಕತ್ತಿಯ ಹಿಡಿಗೆ ಕೆಂಪು ಟೇಪು ಸುತ್ತಿತ್ತು. ಅದನ್ನು ನೋಡಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ನಮ್ಮಲ್ಲಿ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ನಾವಾಗಿ ಹೇಳುವುದು ಕೆಟ್ಟ ನಡತೆ. ಅವನು ಯಾಕೆ ಹಾಗೆ ಮಾಡಿದ ಎಂದು ಮಕ್ಕಳು ಕೇಳಿದರೆ, ‘ಅವನನ್ನೇ ಕೇಳು ಹೋಗು’ ಎಂದು ತಲೆಗೊಂದು ಮೊಟಕುತ್ತೇವೆ. ಈ ವಿಷಯದಲ್ಲಿ ನಾನೊಬ್ಬಳು ಅಧಿಕಪ್ರಸಂಗಿ. ಮೂವತ್ತು ವರ್ಷ ಸಂತೆಯಲ್ಲಿ ಕೆಸುವಿನ ಗಡ್ಡೆ ಮಾರಿದ್ದೇನೆ. ಯಾರು ಕೊಳ್ಳುತ್ತಾರೆ, ಯಾರು ಗಡ್ಡೆ ಹಿಸುಕಿ ನೋಡಿ ಮುಂದೆ ಹೋಗುತ್ತಾರೆ ಎಂಬುದು ಮುಖ ನೋಡಿದರೇ ನನಗೆ ತಿಳಿಯುತ್ತದೆ. ಇನ್ನು ನಾನೇ ಎತ್ತಿ ಆಡಿಸಿದ ತಮ್ಮನ ಮುಖ ತಿಳಿಯದೇ?

ಹಂದಿ ಕಡಿಯುವ ಮೊದಲು ಅವನು ಕೆಳದುಟಿಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದಲೂ ಹಾಗೆಯೇ. ತುಟಿ ಒಳಗೆ ಹೋಯಿತೆಂದರೆ ಕತ್ತಿ ಬಿತ್ತೆಂದೇ ಲೆಕ್ಕ.

ಬಿಸಿಲು ಮೊದಲ ಮೆಟ್ಟಿಲಿಗೆ ಬಂದಾಗ ಅವನ ತುಟಿ ಒಳಗೆ ಹೋಯಿತು.

ಮುದುಕ ಸಾಯುತ್ತಾನೆ, ಇವನು ಜೈಲಿಗೆ ಹೋಗುತ್ತಾನೆ, ಆಮೇಲೆ ಅವರ ಊರಿನವರು ನಮ್ಮವರನ್ನು ಹುಡುಕಿಕೊಂಡು ಬರುತ್ತಾರೆ. ಮಣ್ಣು ಮಾಡಿದ ಹುಡುಗನ ಜೊತೆ ತಮ್ಮನೂ ಹೋದ ಹಾಗೆಯೇ.

“ನೀರು ತರ್ತೀನಿ,” ಎಂದು ತಮ್ಮನ ಹೆಂಡತಿ ಸೆನೆಗೆ ಹೇಳಿ ಹಿಂಬದಿಯಿಂದ ಇಳಿದೆ. ಮನೆ ಸುತ್ತು ಹಾಕಿ, ತಲೆ ತಗ್ಗಿಸಿದವರ ಸಾಲಿನ ಹಿಂದಿನಿಂದ ತೆವಳಿಕೊಂಡು ಹೋಗಿ, ಚಾಪೆಯ ಅಂಚು ಎತ್ತಿ ಮುದುಕನ ಪಕ್ಕ ನುಸುಳಿದೆ. ನಮ್ಮಲ್ಲಿ ತಮ್ಮನಾದವನು ಅಕ್ಕನ ಮೇಲೆ ಕೈ ಮಾಡುವುದಿಲ್ಲ. ಮಾಡಿದರೆ ಅವನ ವಂಶಕ್ಕೇ ಕೇಡು. ನನಗಿದ್ದ ಧೈರ್ಯ ಅದೊಂದೇ.

ಒಳಗೆ ಕತ್ತಲು. ಮುದುಕನ ಬೆವರು, ತೆಂಗಿನೆಣ್ಣೆಯ ವಾಸನೆ.

“ಯಾರಮ್ಮಾ ನೀನು?” ಎಂದು ಪಿಸುಗುಟ್ಟಿದ.

“ಅವನ ಅಕ್ಕ. ಅಲ್ಲಾಡ್ಬೇಡಿ.”

“ಸತ್ತ ಹುಡುಗನ ಸೋದರತ್ತೆಯಾ? ಅಯ್ಯೋ, ನಿನಗಿಲ್ಲಿ ಏನು ಕೆಲಸ ತಾಯಿ?”

“ನಿಮ್ಮ ತಲೆ ಉಳಿಸೋ ಕೆಲಸ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

“ಹೊಡೀತಾನೆ ಅಂತ ಅವನೇ ಹೇಳಿದ್ನಾ?”

“ಹೇಳೋದೇನು, ನನಗೆ ಕಾಣಲ್ವಾ?”

ಮುದುಕ ಚಾಪೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

ಆಗ ಹೆಜ್ಜೆ ಕೇಳಿಸಿತು. ಮೆಟ್ಟಿಲು ಇಳಿದು ಜಲ್ಲಿಗೆ ಬಂತು. ಜೊತೆಗೇ ಕತ್ತಿಯ ತುದಿ ಕಲ್ಲುಗಳ ಮೇಲೆ ಕೆರೆಯುತ್ತ ಎಳೆದುಕೊಂಡು ಬರುವ ಸದ್ದು. ಕೂಗಬೇಕೆಂದುಕೊಂಡೆ, ‘ನಾನಿದ್ದೀನೋ’ ಎಂದು. ಅಷ್ಟರಲ್ಲಿ ಹೆಜ್ಜೆ ನಿಂತಿತು. ನಾನು ಮುದುಕನ ತಲೆಯ ಮೇಲೆ ಬಾಗಿ ಕಣ್ಣು ಮುಚ್ಚಿದೆ.

ಕತ್ತಿಯನ್ನು ನೆಲದ ಮೇಲೆ ಇಟ್ಟ ಸದ್ದಾಯಿತು. ಎಸೆದದ್ದಲ್ಲ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಇಟ್ಟದ್ದು.

ಚಾಪೆಯ ಒಂದು ಕಡೆ ಮೇಲೆದ್ದು ಬೆಳಕು ನುಗ್ಗಿತು. ರೋಪಾತಿ ಬಗ್ಗಿದ್ದ. ಮುದುಕನನ್ನು ನೋಡಿದ, ಅವನ ತಲೆಯನ್ನು ಅಪ್ಪಿ ಹಿಡಿದಿದ್ದ ನನ್ನ ತೋಳುಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ಮುಖದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

“ಅಕ್ಕಾ,” ಎಂದ. “ನನ್ನನ್ನ ಏನಂದ್ಕೊಂಡೆ ನೀನು?”

ಅವನು ಮುದುಕನ ಕೈ ಹಿಡಿದ. “ಏಳಿ ಹಿರಿಯರೇ, ಬಿಸಿಲಾಯ್ತು. ಒಳಗೆ ಬನ್ನಿ. ನಿಮ್ಮ ಮೊಮ್ಮಗನನ್ನೂ ಕರೀರಿ. ಅವನೂ ಮಗುವೇ.”

ಎಲ್ಲರೂ ಎದ್ದು ಒಳಗೆ ಹೋದರು. ಮೇಲೆತ್ತಿದ್ದ ಚಾಪೆಯ ಅಂಚು ಹಾಗೆಯೇ ಮಡಚಿಕೊಂಡು ಮತ್ತೆ ನನ್ನ ತಲೆಯ ಮೇಲೆ ಬಿತ್ತು.

ಸ್ವಲ್ಪ ಹೊತ್ತಿಗೆ ಸೆನೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. “ಏಳಿ ಅತ್ತಿಗೆ. ನೋಡೋರು ಏನಂದಾರು?”

“ಕತ್ತಿ ಹಿಡ್ಕೊಂಡಿದ್ದ ಸೆನೆ. ತುಟಿ ಒಳಗೆ ಎಳ್ಕೊಂಡ. ಹಂದಿ ಕಡಿಯೋವಾಗ ಮಾಡ್ತಾನಲ್ಲ, ಹಾಗೆ.”

“ಕತ್ತಿ ನಮ್ಮ ಎನೆಲಿಕೊನದು. ಕೆಂಪು ಟೇಪು ಅವನೇ ಸುತ್ತಿದ್ದು. ನಾಲ್ಕು ದಿನದಿಂದ ಇವರು ಅದನ್ನ ಬಿಟ್ಟಿಲ್ಲ, ಮಲಗುವಾಗಲೂ.” ಮೂಗು ಸೀಟಿಕೊಂಡಳು. “ಹಂದಿ ಕಡಿಯೋವಾಗ ಇವರಿಗೆ ಅಳು ಬರುತ್ತೆ ಅತ್ತಿಗೆ. ಮದುವೆಯಾದ ವರ್ಷವೇ ನನಗೆ ಹೇಳಿದ್ರು. ತುಟಿ ಕಚ್ಚಿ ತಡ್ಕೊಳ್ತಾರೆ. ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ. ನಲವತ್ತೆರಡು ವರ್ಷ ಆ ಮುಖ ನೋಡಿದ್ದೆ, ಒಂದು ಸಲವೂ ಕೇಳಿರಲಿಲ್ಲ.

ಸೆನೆ ಎದ್ದು ಹೋದಳು. ನಾನು ಏಳಲಿಲ್ಲ. ಹೊದ್ದವರು ತಾವಾಗಿ ಚಾಪೆ ತೆಗೆಯುವಂತಿಲ್ಲ. ಯಾರಿಗೆ ತಪ್ಪು ಮಾಡಿದ್ದೇವೋ ಅವರೇ ಬಂದು ತೆಗೆಯಬೇಕು. ಒಳಗೆ ಪ್ರಾರ್ಥನೆ ಮುಗಿಯಿತು, ಊಟಕ್ಕೆ ಹಾಕುವ ಸದ್ದಾಯಿತು, ಮುದುಕ ಜೋರಾಗಿ ಅತ್ತ. ಜಲ್ಲಿಯ ಮೇಲೆ ಯಾರದಾದರೂ ಹೆಜ್ಜೆ ಸದ್ದಾದಾಗಲೆಲ್ಲ, ಯಾರೆಂದು ಊಹಿಸಲು ನನಗೆ ಧೈರ್ಯ ಬರಲಿಲ್ಲ. ಬರೀ ಹೆದರಿದೆ, ಕತ್ತಿಯ ಸದ್ದು ಕೇಳಿದಾಗ ಹೆದರಿದ್ದಕ್ಕಿಂತ ಹೆಚ್ಚಾಗಿ.

ನಡು ಮಧ್ಯಾಹ್ನ ಒಂದು ಹೆಜ್ಜೆ ಬಂದು ನನ್ನ ಮುಂದೆಯೇ ನಿಂತಿತು. ಉಸಿರು ಕೇಳಿಸಿತು. ಚಾಪೆಯ ಅಂಚಿನ ಸಂದಿಯಿಂದ ಒಂದು ತಟ್ಟೆ ಕಾಣಿಸಿತು: ಕೆಸುವಿನ ಗಡ್ಡೆ, ಹಂದಿಯ ಮಾಂಸದಲ್ಲಿ ತಮ್ಮನಾದವನು ಅಕ್ಕನಿಗೆಂದೇ ತೆಗೆದಿಡುವ ತುಂಡು. ತಟ್ಟೆ ಇಟ್ಟ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಆಮೇಲೆ ಹೆಜ್ಜೆ ಮೆಟ್ಟಿಲು ಹತ್ತಿಕೊಂಡು ಒಳಗೆ ಹೋಯಿತು. ಚಾಪೆ ನನ್ನ ಮೇಲೆಯೇ ಇತ್ತು.