ಎದೆಗಾರಿಕೆ

ಎಲ್ಲದಕ್ಕೂ ಮೂಲ ಅಣ್ಣನ ನಗು. ಹಿಂದಿನ ದಿನ ಸಂಜೆ, ನಾಟಕಕ್ಕೆಂದು ತಂಗಿ ಮಾಡಿಕೊಟ್ಟ ಹೊಸ ಎದೆಗವಚ ತೊಟ್ಟು ಕನ್ನಡಿಯ ಮುಂದೆ ನಿಂತವನು ತನ್ನನ್ನು ತಾನೇ ಮೆಚ್ಚಿಕೊಂಡು, ಸೇನಾಪತಿಯ ಗತ್ತಿನಲ್ಲಿ ಒಂದು ಅಟ್ಟಹಾಸ ಹೊಡೆದ. ಮೂರನೇ 'ಹ' ಬಾಯಿಂದ ಬೀಳುವಷ್ಟರಲ್ಲಿ ಕವಚ ಕೊರಳಿಂದ ಹೊಟ್ಟೆಯವರೆಗೆ ಚರ್ರನೆ ಸೀಳಿಕೊಂಡಿತು.

"ನಗೂನೇ ತಡ್ಕೊಳ್ದಿರೋದು ಕತ್ತಿ ಏಟು ತಡ್ಕೊಳ್ಳುತ್ತೇನೇ?" ಎಂದ ಅಣ್ಣ.

ತಂಗಿ ಸೀಳಿನ ಅಂಚಿನಲ್ಲಿ ಬೆರಳಾಡಿಸಿದಳು. ಗಾಜಿನ ನೂಲು ಒಣಗಿದ ಹುಲ್ಲಿನಂತೆ ಬೆಳ್ಳಗೆ ಎದ್ದು ನಿಂತಿತ್ತು. ರೆಸಿನ್ನಿನ ಅಂಟು ಕುಡಿಯದ ನೂಲು. ಸಾಲದೆ ಬಂದೀತೆಂದು ಕೈ ಬಿಗಿಹಿಡಿದು ಬಳಿದಿದ್ದಳು. ತಪ್ಪು ಅವಳದೇ.

ಈಗ ಬೆಳಿಗ್ಗೆ ಒಂಬತ್ತೂವರೆ. ತಾರಸಿಯ ಮೇಲಿನ ತಗಡಿನ ಕೋಣೆಯಲ್ಲಿ ಎದೆಯ ಅಚ್ಚು ಮೇಣ ಹಚ್ಚಿಸಿಕೊಂಡು, ಬಾಯಿ ತೆರೆದು, ಯಾವುದೋ ರಾಕ್ಷಸನ ದವಡೆಯ ಹಾಗೆ ಮೇಜಿನ ಮೇಲೆ ಬಿದ್ದಿತ್ತು. ಹಾಗೆ ಕಂಡದ್ದು ಅವಳಿಗೆ ಮಾತ್ರ. ಅವಳ ಕೆಲಸ ದಂತವೈದ್ಯರ ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸುವುದು. ನಾಟಕ ತಂಡದವರ ಬಾಯಲ್ಲಿ ಅವಳು 'ಹಲ್ಲಕ್ಕ'. ಹಲ್ಲಿನ ಕೈಗಾರಿಕೆ ಬಿಟ್ಟು ಎದೆಗಾರಿಕೆಗೆ ಇಳಿದಳು ಎಂದು ಅವರೆಲ್ಲ ಆಡಿಕೊಳ್ಳುತ್ತಿದ್ದರು.

ಇಳಿದದ್ದು ಅಣ್ಣನಿಗಾಗಿ. ತಂಡದಲ್ಲಿ ಅವನ ಹೆಸರು ಗುಡಾಣ. ಹನ್ನೊಂದು ವರ್ಷ ಸಿಂಹಾಸನದ ಪಕ್ಕದಲ್ಲಿ ಈಟಿ ಹಿಡಿದು ನಿಂತಿದ್ದ. ರಾಜರು ಬಂದರು, ಹೋದರು. ಗುಡಾಣ ಅಲ್ಲೇ ಇದ್ದ. ರಂಗದ ಹಿಂದೆ ಆ ರಾಜರೆಲ್ಲರ ದನಿಯನ್ನೂ ಅಚ್ಚಿಳಿಸಿ ಜನರನ್ನು ನಗಿಸುತ್ತಿದ್ದ. ರಂಗದ ಮೇಲೆ ಮಾತ್ರ ಒಂದು ಮಾತೂ ಅವನ ಪಾಲಿಗೆ ಬಂದಿರಲಿಲ್ಲ. ಈ ಸಲ ತಂಡದ ಮೇಷ್ಟ್ರು ಸೇನಾಪತಿಯ ಪಾತ್ರ ಕೊಟ್ಟರು. ಬಾಡಿಗೆಗೆ ತಂದ ತಗಡಿನ ಕವಚ ಮಾತ್ರ ಅವನ ಮೈಗೆ ಎರಡೂ ಪಕ್ಕ ಒಂದೊಂದು ಗೇಣು ಸಾಲದೆ ಹೋಯಿತು. ಮೇಷ್ಟ್ರ ಮಾತು ಕಡ್ಡಿ ಮುರಿದ ಹಾಗೆ: "ಭಾನುವಾರ ಪ್ರದರ್ಶನ. ಗುರುವಾರ ನಾಲ್ಕು ಗಂಟೆಗೆ ವೇಷದ ತಾಲೀಮು. ಆಗ ಎದೆ ಮುಚ್ಚಿರಬೇಕು. ಇಲ್ದಿದ್ರೆ ಪಾತ್ರ ಕಡ್ಡಿಗೆ." ಕಡ್ಡಿ ಎಂದರೆ ಬದಲಿ ನಟ. ತಗಡಿನ ಕವಚ ಅವನಿಗೆ ಹೇಳಿ ಮಾಡಿಸಿದಂತಿತ್ತು.

ಇವತ್ತೇ ಗುರುವಾರ. ಬೆನ್ನಿನ ಭಾಗ ಸಿದ್ಧವಾಗಿ ಗೋಡೆಗೆ ಒರಗಿತ್ತು. ಎದೆಗೆ ಉಳಿದಿದ್ದ ರೆಸಿನ್ನು ಒಂದೇ ಕೇಜಿ, ಅರ್ಧರ್ಧ ಕೇಜಿಯ ಎರಡು ಡಬ್ಬ.

ಕೆಲಸ ಕಲಿಸಿದವನು ಅಮ್ಮನ ತಮ್ಮ, ಟ್ಯಾಂಕ್ ಮಾವ. ಒಡೆದ ನೀರಿನ ಟ್ಯಾಂಕುಗಳ ಒಳಗಿಳಿದು ಫೈಬರ್ ತೇಪೆ ಹಾಕುವುದು ಅವನ ಕಸುಬು. ಮೂರು ವಾರ ಅವನ ಹಿಂದೆ ಸುತ್ತಿ ಕಲಿತಿದ್ದಳು: ಅಚ್ಚಿಗೆ ಮೇಣ, ಮೇಣದ ಮೇಲೆ ರೆಸಿನ್ನು, ರೆಸಿನ್ನಿನ ಮೇಲೆ ಗಾಜಿನ ನೂಲಿನ ಮ್ಯಾಟು, ಮತ್ತೆ ರೆಸಿನ್ನು, ಗಾಳಿಗುಳ್ಳೆ ಹೋಗುವವರೆಗೆ ರೋಲರು. ಮೊದಲ ಸಲ ಮೇಣ ಮರೆತು ಅಚ್ಚಿಗೂ ಕವಚಕ್ಕೂ ಬಿಡಿಸಲಾಗದ ನಂಟು ಬೆಳೆಸಿದ್ದಳು. ಎರಡನೇ ಸಲ ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡನರ್ ಹಾಕುವುದನ್ನೇ ಮರೆತಿದ್ದಳು; ನಾಲ್ಕು ದಿನ ಕಾದರೂ ರೆಸಿನ್ನು ಜೇನುತುಪ್ಪದಂತೆಯೇ ಕೂತಿತ್ತು. ತೋಳಿಗೆ ಚುಚ್ಚಿಕೊಂಡ ಗಾಜಿನ ಪುಡಿಯ ತುರಿಕೆ ಇನ್ನೂ ಹೋಗಿರಲಿಲ್ಲ.

ಹಾರ್ಡನರ್ ವಿಷಯದಲ್ಲಿ ಮಾವ ಒಂದೇ ಪಾಠ ಹೇಳಿದ್ದ. ಅರ್ಧ ಕೇಜಿಗೆ ಎಷ್ಟು ಎಂಎಲ್ ಎಂದರೆ, "ಆರು ಹಾಕಿದ್ರೆ ಆರುತ್ತೆ. ಹತ್ತು ಹಾಕಿದ್ರೆ ಹತ್ತುತ್ತೆ." ರೆಸಿನ್ನು ತನ್ನ ಕಾವಿಗೇ ಹೊಗೆಯಾಡಿ, ಬಕೆಟ್ ಸಮೇತ ಸುಟ್ಟುಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಆದರೆ ಇವತ್ತು ಥಂಡಿ. ಮೋಡ ತಾರಸಿಯ ಮೇಲೆ ಒದ್ದೆ ಕಂಬಳಿಯಂತೆ ಬಿದ್ದಿತ್ತು. ಆರು ಹಾಕಿದರೆ ಸಂಜೆಯವರೆಗೂ ಆರುವುದಿಲ್ಲ. ರೆಸಿನ್ನು ತುಸು ತೆಳುವಾಗಲಿ ಎಂದು ಎರಡೂ ಡಬ್ಬಗಳನ್ನು ಬಿಸಿನೀರಿನ ಟಬ್ಬಿನಲ್ಲಿ ಇಟ್ಟು, ಅವಳು ಸ್ಪೀಕರ್ ಹಾಕಿ ಮಾವನಿಗೆ ಫೋನ್ ಮಾಡಿದಳು. ಅಣ್ಣ ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ.

"ಮಾವ, ಇಲ್ಲಿ ವಿಪರೀತ ಥಂಡಿ. ನಾಲ್ಕು ಗಂಟೆಗೆ ಆರಬೇಕು. ಎಷ್ಟು ಹಾಕ್ಲಿ?"

ಮಾವ ಯಾವುದೋ ಟ್ಯಾಂಕಿನ ಒಳಗಿದ್ದ. ದನಿ ಬಾವಿಯಿಂದ ಬಂದಂತೆ ಗುಂಯ್‌ಗುಟ್ಟಿತು. "ಥಂಡಿನಾ? ಥಂಡಿ ಇದ್ರೆ ನೋಡಮ್ಮಾ, ಹತ್ತು—"

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು. ಇನ್ನೊಮ್ಮೆ ಮಾಡಿದಳು.

"ನೀವು ಕರೆ ಮಾಡಿರುವ ಮಾವಂದಿರು ಸದ್ಯಕ್ಕೆ ಟ್ಯಾಂಕಿನ ವ್ಯಾಪ್ತಿಯ ಒಳಗಿದ್ದಾರೆ," ಎಂದ ಅಣ್ಣ, ಫೋನಿನ ಹೆಂಗಸಿನ ದನಿಯಲ್ಲಿ.

"ತಮಾಷೆ ಬಿಡೋ. ಮಾವ ಹತ್ತು ಅಂದ್ರಾ, ಹತ್ತುತ್ತೆ ಅನ್ನೋಕೆ ಹೋದ್ರಾ?"

"ಹತ್ತು ಅಂದ್ರು. ನನ್ನ ಕಿವಿಗೆ ಸ್ಪಷ್ಟ ಬಿತ್ತು." ಅಣ್ಣ ಮೂಗು ಹಿಡಿದು ಮಾವನಾದ: "'ಥಂಡಿ ಇದ್ರೆ ನೋಡಮ್ಮಾ, ಹತ್ತು.' ಕೇಳಿದ್ಯಾ, ಮುಗೀತು."

"ಅದೇ ದನೀಲಿ 'ಹತ್ತುತ್ತೆ ಕಣಮ್ಮಾ, ಜೋಕೆ' ಅಂತ ಹೇಳು ನೋಡೋಣ."

ಹೇಳಿದ. ಅದೂ ಅಷ್ಟೇ ಸರಿಯಾಗಿ ಮಾವನ ಹಾಗೇ ಇತ್ತು.

"ಎಂಟು," ಎಂದಳು ಕೊನೆಗೆ. "ಅತ್ತ ಆರೂ ಅಲ್ಲ, ಇತ್ತ ಹತ್ತೂ ಅಲ್ಲ."

"ಎಂಟೆದೆ ಬೇಕು ಕಣೇ ಇದಕ್ಕೆ," ಎಂದ ಅಣ್ಣ. ಅವನ ಕಣ್ಣು ಗಡಿಯಾರದ ಮೇಲಿತ್ತು.

ಮಾಸ್ಕು, ಗ್ಲೌಸು, ಕನ್ನಡಕ. ಕಿಟಕಿ, ಬಾಗಿಲು ಪೂರ್ತಿ ತೆರೆದರು. ಮೊದಲ ಡಬ್ಬಕ್ಕೆ ಅವಳೇ ಸಿರಿಂಜಿನಲ್ಲಿ ಎಂಟು ಎಳೆದು, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಸಲ ನೋಡಿ ಹಾಕಿದಳು. ಕಲಸಿದಳು. ಬಳಿದಳು. ಮ್ಯಾಟಿನ ತುಂಡುಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹಾಸಿ, ಬ್ರಷ್ಷಿನಿಂದ ಒತ್ತಿ ಒತ್ತಿ ಕುಡಿಸಿದಳು. ಬಿಳಿ ನೂಲು ರೆಸಿನ್ನು ಹೀರಿ ಕಾಣದಂತಾಗುತ್ತ ಹೋಯಿತು. ಎಲ್ಲಿ ಬಿಳುಪು ಉಳಿದಿದೆಯೋ ಅಲ್ಲಿ ಸೀಳು ಕಾದಿದೆ. ಇದು ನಿನ್ನೆ ಕಲಿತದ್ದು. ರೋಲರು ಕಿರ್‌ಕಿರ್ ಎನ್ನುತ್ತಿತ್ತು. ಕಾವು ಹದವಾಗಿತ್ತು. ಎಂಟು ಸರಿಯಾದ ಲೆಕ್ಕವೇ.

"ಎರಡನೇ ಡಬ್ಬ ತೆಗಿ," ಎಂದಳು ತಲೆ ಎತ್ತದೆ. ಕೈಯೆಲ್ಲ ಅಂಟು; ಮೊದಲ ಪದರ ಬಿಗಿಯುವ ಮೊದಲು ಎರಡನೆಯದು ಕೂರಬೇಕು. "ಬಕೆಟ್‌ಗೆ ಸುರಿದು ಎಂಟು ಹಾಕಿ ಕಲಸು. ಎಂಟು."

ಅವಳಿಗೆ ಕಂಡದ್ದು ಅಣ್ಣನ ಬೆನ್ನು ಮಾತ್ರ. ಅಷ್ಟು ಅಗಲದ ಬೆನ್ನಿನ ಆಚೆ ಏನು ಬೇಕಾದರೂ ನಡೆಯಬಹುದು.

ಬಕೆಟ್ ಬಂತು. ಸ್ವಲ್ಪ ಸುರಿದು ಬಲಪಕ್ಕದಿಂದ ಶುರುಮಾಡಿದಳು. ನಾಲ್ಕನೇ ನಿಮಿಷಕ್ಕೆ ಬ್ರಷ್ಷು ನೂಲು ಎಳೆಯಿತು. ಐದನೇ ನಿಮಿಷಕ್ಕೆ ಎಡಗೈಯನ್ನು ಬಕೆಟ್ಟಿನ ತಳಕ್ಕೆ ಆನಿಸಿದಳು. ಗ್ಲೌಸಿನ ಮೇಲಿಂದಲೂ ಗೊತ್ತಾಯಿತು. ಜ್ವರ ಬಂದ ಮಗುವಿನ ಹಣೆ.

"ಎಷ್ಟು ಹಾಕಿದೆ?"

"ಎಂಟು," ಎಂದ, ಮೇಷ್ಟ್ರ ಗಡಸು ದನಿಯಲ್ಲಿ.

"ನಿನ್ನ ದನೀಲಿ ಹೇಳು."

ಅಣ್ಣ ಸಿರಿಂಜನ್ನು ಮೇಜಿನ ಮೇಲೆ ಇಟ್ಟ.

"ಹನ್ನೆರಡು."

"ಹನ್ನೆರಡಾ!"

"ಮಾವ ಹತ್ತು ಅಂದಿದ್ರಲ್ಲ. ನೀನು ಮೊದಲನೇದಕ್ಕೆ ಎರಡು ಕಮ್ಮಿ ಹಾಕಿದ್ದೆ. ಅದನ್ನೂ ಇದಕ್ಕೇ ಸೇರಿಸಿಬಿಟ್ಟೆ. ಆರದಿದ್ರೆ ನನ್ನ ಗತಿ ಏನೇ?"

ಬೈಯಲು ಬಾಯಿ ತೆರೆದಳು, ಮುಚ್ಚಿದಳು. ಬೈಗುಳಕ್ಕೆ ಬೇಕಾದ ಸಮಯವೂ ಬಕೆಟ್ಟಿನಲ್ಲಿ ಗಟ್ಟಿಯಾಗುತ್ತಿತ್ತು. ಲ್ಯಾಬಿನಲ್ಲಿ ಒಂದು ಹಲ್ಲಿಗೆ ಚಮಚದಷ್ಟು ಪುಡಿ ಕಲಸಿದರೆ ಕಾವು ಬೆರಳಿಗೆ ತಾಗಿ ಹೋಗುತ್ತದೆ. ಇಲ್ಲಿ ಅರ್ಧ ಕೇಜಿ ಒಟ್ಟಿಗೆ ಕುಳಿತು ತನ್ನನ್ನು ತಾನೇ ಕಾಯಿಸಿಕೊಳ್ಳುತ್ತಿದೆ. ಒಟ್ಟಿಗಿದ್ದರೆ ಸುಡುತ್ತದೆ, ಹರಡಿದರೆ ಮಾತ್ರ ಬದುಕುತ್ತದೆ.

ಬಕೆಟ್ ಎತ್ತಿ ಎದೆಯ ನಟ್ಟನಡುವೆ ಸುರಿದಳು.

"ಮ್ಯಾಟ್ ಕೊಡು! ದೊಡ್ಡದು! ಇನ್ನೊಂದು!"

ಕೊರಳಿಂದ ಹೊಟ್ಟೆಯವರೆಗೆ, ನಿನ್ನೆ ಸೀಳಿದ ಜಾಗ ಮೊದಲು. ಬ್ರಷ್ಷು ಅಂಟಿಕೊಂಡು ಕೂದಲು ಕಿತ್ತು ಬಂತು; ಬಿಸಾಡಿ ಅಂಗೈಯಿಂದಲೇ ಒತ್ತಿದಳು. ಬಲ ಭುಜದ ಪಟ್ಟಿ. ಎಡ ಭುಜದ ಪಟ್ಟಿ. ರೆಸಿನ್ನು ಹೆಪ್ಪು ಒಡೆದ ಮೊಸರಿನಂತೆ ಗಂಟುಗಂಟಾಗಿ ಬರತೊಡಗಿತು. ಎಡಗಡೆಯ ಪಕ್ಕ ಇನ್ನೂ ಬಾಕಿ. ಬಕೆಟ್ಟಿಗೆ ಕೈ ಹಾಕಿದಳು. ತಳದಲ್ಲಿ ಉಳಿದದ್ದು ಕಲ್ಲಾಗಿತ್ತು, ಅದರ ಸೀಳಿನಿಂದ ಹೊಗೆ ಏಳುತ್ತಿತ್ತು.

"ಅದನ್ನ ಹೊರಗೆ ಇಡು! ಹಿಡಿ ಹಿಡ್ಕೊಂಡು..."

ಮಾತು ಮುಗಿಯುವ ಮೊದಲೇ ಅಣ್ಣ ಬಕೆಟ್ಟನ್ನು ತಬ್ಬಿದಂತೆ ತಳಕ್ಕೆ ಎರಡೂ ಅಂಗೈ ಕೊಟ್ಟು ಎತ್ತಿದ. ತಾರಸಿಯ ತುದಿಯವರೆಗೆ ಓಡಿದ. ಆಮೇಲೆ ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳಿತು. ಯಾರ ದನಿಯೂ ಕೇಳಲಿಲ್ಲ.

ಅವಳು ರೋಲರು ಬಿಡಲಿಲ್ಲ. ಅದು ತಾನಾಗಿಯೇ ನಿಂತಾಗ ನಿಂತಳು.

ಮೂರು ಗಂಟೆಗೆ ಅಚ್ಚಿನ ಅಂಚಿಗೆ ಬೆಣೆ ಹೊಡೆದರು. ಮೇಣ ಕಾವಿಗೆ ಕರಗಿದ್ದರೆ ಅಚ್ಚೂ ಕವಚವೂ ಒಂದೇ. ಒಂದು ಏಟು, ಎರಡು ಏಟು. ಮೂರನೆಯದಕ್ಕೆ ಒಳಗೆಲ್ಲೋ ಕರ್ರೆಂದಿತು. ಅಣ್ಣ ಕಣ್ಣು ಮುಚ್ಚಿಕೊಂಡ. ಎದೆ ಇಡಿಯಾಗಿ ಬಿಟ್ಟುಕೊಂಡು ಅವಳ ಕೈಗೆ ಬಂತು. ನಡುವೆ ಗುದ್ದಿದಳು. ಕಲ್ಲು. ಎಡ ಕಂಕುಳ ಕೆಳಗೆ ಹೆಬ್ಬೆರಳು ಒತ್ತಿದಳು. ಒಂದೇ ಪದರ, ಡಬ್ಬದ ಮುಚ್ಚಳದ ಹಾಗೆ ಟಿಕ್ ಎಂದು ಒಳಗೆ ಹೋಗಿ ಟಿಕ್ ಎಂದು ಹೊರಗೆ ಬಂತು.

"ಎಡಗೈ ಎತ್ತಬೇಡ," ಎಂದಳು. "ಏನೇ ಆದ್ರೂ ಎತ್ತಬೇಡ."

ಅಣ್ಣ ತನ್ನ ಎಡಗೈ ನೋಡಿಕೊಂಡ. ಅವನು ಹುಟ್ಟಾ ಎಡಚ.

ತಾಲೀಮಿನ ಹಾಲಿನಲ್ಲಿ ಕಡ್ಡಿ ಆಗಲೇ ತಗಡಿನ ಕವಚ ತೊಟ್ಟು, ಮೊದಲ ಸಾಲಿನಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದ. "ಬಾ ಗುಡಾಣ, ಮುಚ್ಚಳ ಸಿಕ್ತಾ?" ಎಂದ. ಅಣ್ಣ ನಗಲಿಲ್ಲ. ತಂಗಿ ಗೋಡೆಯ ಪಕ್ಕ ನಿಂತಳು.

ಮೇಷ್ಟ್ರು ಗುಡಾಣನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಪಕ್ಕಗಳನ್ನು ನೋಡಿದರು. ಬೆತ್ತದಿಂದ ಎದೆಗೆ ಬಡಿದರು. "ಹೂಂ. ಅಟ್ಟಹಾಸ."

ಅಣ್ಣ ನಕ್ಕ. ಮೂರು 'ಹ', ಆರು 'ಹ', ಹಾಲಿನ ಕಿಟಕಿ ಅದುರುವಷ್ಟು. ಎದೆ ಮಿಸುಕಲಿಲ್ಲ.

"ಕತ್ತಿ ಎತ್ತಿ ಸೈನ್ಯಕ್ಕೆ ಕರೆ ಕೊಡು."

ಅಣ್ಣ ಬಲಗೈಯಲ್ಲಿ ಎತ್ತಿದ. ಕತ್ತಿ ಕೈಯಲ್ಲಿ ಸೌಟಿನಂತೆ ಕಂಡಿತು.

"ಯಾವಾಗಿಂದಯ್ಯಾ ಬಲಗೈ? ನಿನ್ನ ಕೈಲಿ ಎತ್ತು."

ಅಣ್ಣ ತಂಗಿಯ ಕಡೆ ನೋಡಿದ. ಕತ್ತಿ ಕೈ ಬದಲಾಯಿಸಿತು. ಎಡಗೈ ಮೇಲೇರಿತು: ಹೆಗಲವರೆಗೆ, ಕಿವಿಯವರೆಗೆ, ತಲೆಯ ಮೇಲೆ. ಟಿಕ್ ಎಂದಿತು. ಆಮೇಲೆ ಹಾಲಿನ ಹಿಂದಿನ ಸಾಲಿಗೂ ಕೇಳುವಂತೆ ಕಂಕುಳಿಂದ ಸೊಂಟದವರೆಗೆ ಚರ್ರೆಂದಿತು.

ಕಡ್ಡಿ ಎದ್ದು ನಿಂತ.

"ಏನಮ್ಮಾ," ಮೇಷ್ಟ್ರು ಗೋಡೆಯ ಕಡೆ ತಿರುಗಿದರು, "ಹಲ್ಲೂ ಹೀಗೇ ಕಟ್ತೀಯಾ?"

ತಾನು ನಿಜ ಹೇಳಿಬಿಟ್ಟರೆ, ಹೇಳಿದ ಮಾತು ಕೇಳದವನೆಂದು ಅಣ್ಣ ಇಲ್ಲೇ ಮುಗಿದುಹೋಗುತ್ತಾನೆ. "ಆ ಪಕ್ಕ ಒಂದು ಪದರ ಕಮ್ಮಿ ಆಯ್ತು ಸಾರ್," ಎಂದಳು. "ನನ್ನ ಕೈ ತಪ್ಪು."

"ಸುಳ್ಳು ಸಾರ್," ಎಂದ ಅಣ್ಣ, ಎತ್ತಿದ ಕೈ ಇಳಿಸದೆ. "ಅವಳು ಎಂಟು ಹಾಕು ಅಂದ್ಲು. ನಾನು ಕದ್ದು ಹನ್ನೆರಡು ಹಾಕಿದೆ. ಪಾತ್ರ ಕೈ ಬಿಟ್ಟು ಹೋಗುತ್ತೆ ಅಂತ ಭಯ ಆಯ್ತು. ಅವಳ ಕೆಲಸದಲ್ಲಿ ಏನೂ ತಪ್ಪಿಲ್ಲ. ಎದೆ ನೋಡಿದ್ರಲ್ಲ."

ಮೇಷ್ಟ್ರು ಹತ್ತಿರ ಹೋದರು. ಸೀಳು ನೋಡಲಿಲ್ಲ, ಕತ್ತಿಯ ಹಿಡಿಯನ್ನು ಸುತ್ತಿದ್ದ ಬೆರಳುಗಳನ್ನು ನೋಡಿದರು. ಬೆರಳ ಸಂದಿಯಲ್ಲಿ ಬೊಬ್ಬೆ ಒಡೆದು ಹಸಿಯಾಗಿತ್ತು.

"ಈ ಕೈಯಲ್ಲಿ ಕತ್ತಿ ಹಿಡ್ಕೊಂಡಿದ್ದೀಯಾ?"

"ಹೂಂ ಸಾರ್."

ಮೇಷ್ಟ್ರು ಬೆತ್ತವನ್ನು ಕಂಕುಳಲ್ಲಿ ಇರುಕಿಕೊಂಡು ಕನ್ನಡಕ ಒರೆಸಿದರು. ಒರೆಸುವುದು ಬಹಳ ಹೊತ್ತು ನಡೆಯಿತು.

"ಎದೆ ಮುಚ್ಚಿರಬೇಕು ಅಂದಿದ್ದೆ. ಮುಚ್ಚಿದೆ," ಎಂದರು ಕೊನೆಗೆ. "ಕಂಕುಳ ಮಾತು ನಾನು ಎತ್ತಿರಲಿಲ್ಲ. ಭಾನುವಾರದೊಳಗೆ ಸರಿ ಆಗ್ಬೇಕು. ಏ ಕಡ್ಡಿ, ಬಿಚ್ಚಯ್ಯಾ ಅದನ್ನ." ಎರಡು ಹೆಜ್ಜೆ ಹೋಗಿ ತಿರುಗಿದರು. "ಗುಡಾಣ, ಇನ್ನು ಮೇಲೆ ಆ ಹುಡುಗಿ ಹೇಳಿದ ಲೆಕ್ಕಕ್ಕೆ ಕೈ ಹಾಕಿದ್ಯೋ, ಮತ್ತೆ ಈಟಿ ಹಿಡಿಸ್ತೀನಿ."

ತಂಗಿ ಚೀಲದಿಂದ ಟೇಪು, ಪೆನ್ಸಿಲ್ಲು ತೆಗೆದು ರಂಗದ ಮೇಲೆ ಹತ್ತಿದಳು. ಸೀಳಿನ ಮೇಲ್ತುದಿಗೆ ಒಂದು ಗುರುತು ಹಾಕಿದಳು.

"ಕೈ ಇಳಿಸ್ಲೇನೇ?" ಎಂದ ಅಣ್ಣ ಮೆಲ್ಲಗೆ. ಕತ್ತಿಯ ತುದಿ ನಡುಗುತ್ತಿತ್ತು.

"ಇಳಿಸಬೇಡ," ಎಂದಳು ಟೇಪು ಎಳೆಯುತ್ತ. "ಅಳತೆ ತಗೋತಿದ್ದೀನಿ."

ಆ ಸೀಳಿಗೆ ಎರಡು ಅಳತೆ ಸಾಕಿತ್ತು. ಅವಳು ಏಳು ತೆಗೆದುಕೊಂಡಳು.