ಬಂಗಡೆಯ ಹೊಟ್ಟೆಪಟ್ಟಿ

ನಮ್ಮ ಬೆಕ್ಕಿನ ಹೆಸರು ಬಂಗಡೆ. ಮೈಮೇಲೆ ಬಂಗಡೆ ಮೀನಿನಂಥವೇ ಗೆರೆಗಳಿದ್ದವೆಂದು ಅವ್ವಿ, ಅಂದರೆ ನಮ್ಮಮ್ಮ, ಇಟ್ಟ ಹೆಸರು. ಆ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮೂರು ಕೇಣಿಯ ಕಡಲ ದಂಡೆಯಲ್ಲಿ ನಾಯಿಯೊಂದು ಅದರ ಹೊಟ್ಟೆ ಸೀಳಿತು. ಅವ್ವಿ ಅಂದಿನ ಮೀನು ವ್ಯಾಪಾರ ಬಿಟ್ಟು ಅದನ್ನು ಎತ್ತಿಕೊಂಡು ಅಂಕೋಲೆಯ ದನದ ಡಾಕ್ಟರರ ಹತ್ತಿರ ಓಡಿದಳು. ಅವರು ಏಳು ಹೊಲಿಗೆ ಹಾಕಿ, ಹತ್ತು ದಿನ ಬೆಕ್ಕು ಅದಕ್ಕೆ ಬಾಯಿ ಹಾಕದಂತೆ ಹೊಟ್ಟೆಗೆ ಬಟ್ಟೆ ಕಟ್ಟಿಡಿ ಎಂದರು.

ಅವ್ವಿ ತನ್ನ ಹಳೆಯ ಸೀರೆಯೊಂದನ್ನು ಹರಿದಳು. ಕಾಲಿಗೆ ನಾಲ್ಕು ತೂತು ಮಾಡಿ, ಬೆನ್ನ ಮೇಲೆ ಗಂಟು ಹಾಕಿದಳು.

“ಇದ್ರಷ್ಟು ಮೆತ್ತಗಿದ್ದದ್ದು ಯಾವ್ದೂ ಇಲ್ಲ ಚಂದನಾ. ನೀ ಹುಟ್ಟಿದಾಗ ನಿಂಗೂ ಹಳೇ ಸೀರೇಲೇ ಸುತ್ತಿದ್ದೆ” ಎಂದಳು.

ಅದು ಆರು ವರ್ಷ ಮೀನುಪೇಟೆಯಲ್ಲಿ ಉಟ್ಟ ಸೀರೆ. ಎಷ್ಟು ಸೋಪು ಹಾಕಿ ಬಿಸಿಲಿಗೆ ಒಣಗಿಸಿದರೂ ಅದರ ವಾಸನೆ ಹೋಗುವುದಿಲ್ಲ. ನಮ್ಮ ಮನೆಯ ಗಾಳಿಯೇ ಅದಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಯಿತು. ಕಾರವಾರದ ಆಫೀಸಿನಲ್ಲಿ ಟೈಪಿಸ್ಟಾಗಿ ಎರಡು ವರ್ಷವಾಗಿತ್ತು, ನನ್ನ ಮೂಗಿಗೆ ಆಗಲೇ ದೊಡ್ಡಸ್ತಿಕೆ ಬಂದಿತ್ತು.

ಆದರೂ ಬಾಯಿ ಬಿಡಲಿಲ್ಲ. ಚಿಲ್ಲರೆಗಾಗಿ ಕಂಡಕ್ಟರನ ಜೊತೆ ದಿನಾ ಜಗಳವಾಡುವ ನಾನು ಇದೊಂದು ವಿಷಯದಲ್ಲಿ ಮೂಗಿ. ಕೆಲಸ ಸಿಕ್ಕಿದ ಮೊದಲ ವಾರ, ಅವ್ವಿ ನನ್ನ ದುಪಟ್ಟಾ ಸರಿಮಾಡಲು ಬಂದಾಗ “ಮುಟ್ಟಬೇಡ, ನಾರ್ತದೆ” ಎಂದುಬಿಟ್ಟಿದ್ದೆ. ಅವಳು ಕೈ ಹಿಂದೆಗೆದಳು. ಅವತ್ತಿನಿಂದ ನಾನು ಮನೆಯಲ್ಲಿದ್ದರೆ ಎರಡು ಮಾರು ದೂರ ಕೂರುತ್ತಿದ್ದಳು, ಅಷ್ಟೆ.

ಮೂರನೆಯ ದಿನ ಬೆಕ್ಕು ಬಟ್ಟೆ ಹರಿದು ಎರಡು ಹೊಲಿಗೆ ಕಿತ್ತಿತ್ತು. ಡಾಕ್ಟರು ಮತ್ತೆ ಹೊಲಿದು, ಇನ್ನೊಮ್ಮೆ ಬಿಚ್ಚಿದರೆ ಇದು ಉಳಿಯುವುದಿಲ್ಲ ಎಂದರು. ಅವ್ವಿ ಮನೆಗೆ ಬಂದವಳೇ ಅದೇ ಸೀರೆಯ ಇನ್ನೊಂದು ತುಂಡನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿದಳು.

“ನಿನ್ನ ಹೊಟ್ಟೆ ನೀನೇ ಹರ್ಕಂಬುದನೆ?” ಎಂದು ಬೆಕ್ಕಿಗೆ ಬಯ್ಯುತ್ತಲೇ ಕಣ್ಣೊರೆಸಿಕೊಂಡಳು. ಬಂಗಡೆ ಆಗಲೇ ಬಟ್ಟೆಯ ಅಂಚು ಜಗಿಯತೊಡಗಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

“ಅವ್ವಿ, ಅದು ಹೊಲಿಗೆ ಕೀಳ್ತಾ ಇಲ್ಲ. ಬಟ್ಟೆ ತಿಂತಾ ಅದೆ. ಬಟ್ಟೇಲಿ ಮೀನಿನ ವಾಸನೆ ಅದೆ.”

ಅವಳು ಉಳಿದ ಸೀರೆಯನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು.

“ನಂಗೇನೂ ಬರೂದಿಲ್ಲ” ಎಂದು ನನ್ನನ್ನೇ ನೋಡಿದಳು. “ನಿಂಗೆ ಮೊದ್ಲೇ ಗೊತ್ತಿತ್ತ?”

“ಗೊತ್ತಿತ್ತು.”

“ಹೇಳೂಕೆ ಎಂತಾಗಿತ್ತೆ?”

“ನಿಂಗೆ ಬೇಜಾರಾಗ್ತದೆ ಅಂತ.”

“ನನ್ನ ಬೇಜಾರಿಗೆ ಅದ್ರ ಜೀವ ತೆಗೀತಿದ್ಯ?”

ನಾನು ಟ್ರಂಕು ತೆಗೆದು, ಹಬ್ಬಕ್ಕೆಂದು ಹೊಲಿಸಿದ ಪಿಸ್ತಾ ಬಣ್ಣದ ಚೂಡಿದಾರದ ದುಪಟ್ಟಾ ಕತ್ತರಿಸಿದೆ. ಅವ್ವಿ ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದಳು. ಆದರೂ ನಂಬಿಕೆ ಬರದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನೀನೇ ಕಟ್ಟು” ಎಂದಳು. ಕಟ್ಟಿದೆ. ಬಂಗಡೆ ಒಮ್ಮೆ ಮೂಸಿ, ತನಗೆ ಸಂಬಂಧವೇ ಇಲ್ಲವೆನ್ನುವಂತೆ ಮುಖ ತಿರುಗಿಸಿ ಮಲಗಿತು.

ಮುಂದಿನ ಹತ್ತು ದಿನ ಅವ್ವಿ ಅದನ್ನು ಮುಟ್ಟಲಿಲ್ಲ. ಪೇಟೆಯಿಂದ ಬಂದು ಹೊಸ್ತಿಲ ಮೇಲೆ ಕೂತು ದೂರದಿಂದಲೇ ಮಾತಾಡುತ್ತಿದ್ದಳು. ಅದು ಕುಂಟುತ್ತ ಬಂದರೆ ಹಿಂದೆ ಸರಿಯುತ್ತಿದ್ದಳು. “ಬರಬೇಡ್ವೆ ನನ್ನ ಹತ್ರ, ವಾಸನೆ ಹತ್ತತದೆ.” ಆ ಎರಡು ಮಾರು ದೂರ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅಳೆದುಕೊಟ್ಟವಳು ನಾನೇ.

ಹೊಲಿಗೆ ಬಿಚ್ಚಿದ ದಿನ ನಾನು ಕಾರವಾರದಿಂದ ಬರುವಷ್ಟರಲ್ಲಿ ಬಂಗಡೆ ಅವ್ವಿಯ ಮಡಿಲಲ್ಲಿ ಬಿದ್ದುಕೊಂಡು ಅವಳ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು. ಗಾಯ ಕೂಡಿತ್ತು. ನಾನು ಬ್ಯಾಗು ಇಟ್ಟು, ಬಟ್ಟೆ ಬದಲಿಸದೆ, ಹೋಗಿ ಅವಳಿಗೆ ತಾಗಿಕೊಂಡು ಕೂತೆ.

ಅವಳು ಸರಿದಳು. “ಏಳೆ, ನಾಳೆ ಆಫೀಸಿಗೆ ಇದೇ ಬಟ್ಟೆ ಅಲ್ಲ?”

“ಹೌದು” ಎಂದು ಅವಳ ಹೆಗಲಿಗೆ ತಲೆಯಿಟ್ಟೆ.

ಬೆಕ್ಕು ನೆಕ್ಕಿ ಒದ್ದೆಯಾಗಿದ್ದ ಕೈಯನ್ನು ಅವ್ವಿ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದು, ಆಮೇಲೆ ನನ್ನ ತಲೆಯ ಮೇಲಿಟ್ಟಳು.