ಬರಿಗೈಯಲ್ಲಿ ಬರುವವಳು

ಹೋದ ಕೆಲಸ ಆಗದೆ ಬರಿಗೈಯಲ್ಲಿ ವಾಪಸ್ ಬಂದವರನ್ನು ಲೋಕ ಯಾವತ್ತಾದರೂ ಹೊಗಳಿದ್ದುಂಟೇ? ಧರಣಿಯ ಕೆಲಸವೇ ಬರಿಗೈಯಲ್ಲಿ ಬರುವುದಾಗಿತ್ತು. ಬನ್ನಿಮಂಟಪದ ಹೆಣ್ಣುಮಕ್ಕಳ ಕಬಡ್ಡಿ ತಂಡ ಆಟದ ಕೊನೆಯ ನಿಮಿಷಗಳಲ್ಲಿ ಒಂದೋ ಎರಡೋ ಪಾಯಿಂಟು ಮುಂದಿದ್ದರೆ, ಕೋಚ್ ಮೃತ್ಯುಂಜಯ ಬೆಂಚಿನ ಕಡೆ ತಿರುಗಿ “ಧರಣಿ” ಅನ್ನುತ್ತಿದ್ದರು. ಅವಳು ಎದ್ದು, ಕಬಡ್ಡಿ ಕಬಡ್ಡಿ ಅನ್ನುತ್ತಾ ಎದುರಾಳಿಗಳ ಅಂಕಣಕ್ಕೆ ಹೋಗುತ್ತಿದ್ದಳು. ಯಾರನ್ನೂ ಮುಟ್ಟುತ್ತಿರಲಿಲ್ಲ. ದಾಟಲೇಬೇಕಾದ ಗೆರೆಯೊಂದನ್ನು ದಾಟಿ, ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಓಡಾಡಿ, ರೈಡಿಗೆ ಕೊಟ್ಟ ಮೂವತ್ತು ಸೆಕೆಂಡನ್ನೂ ತಿಂದು, ಮೈಗೆ ಯಾರ ಕೈಯೂ ತಾಗದ ಹಾಗೆ ನಡುಗೆರೆ ದಾಟಿ ಬರುತ್ತಿದ್ದಳು. ಪಾಯಿಂಟೂ ಇಲ್ಲ, ಔಟೂ ಇಲ್ಲ, ಹೊತ್ತು ಕಳೆಯಿತು ಅಷ್ಟೇ. ಅದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಎರಡು ಸಲ ಹೀಗೆ ಸುಮ್ಮನೆ ಬರಬಹುದು. ಮೂರನೆಯ ರೈಡಿನಲ್ಲಿ ಯಾರನ್ನಾದರೂ ಮುಟ್ಟಲೇಬೇಕು, ಇಲ್ಲದಿದ್ದರೆ ಹೋದವಳೇ ಔಟು. ಆ ಮೂರನೆಯದಕ್ಕೆ ರಕ್ಷಿತಾ ಇದ್ದಳು. ಕಾಲೇಜು ಹುಡುಗಿ, ಜಿಂಕೆ ಕಾಲು. ಚಪ್ಪಾಳೆ, ಫೋಟೋ, ಪೇಪರಿನಲ್ಲಿ ಹೆಸರು ಎಲ್ಲ ಅವಳಿಗೆ. ಧರಣಿಗೆ ಅದರ ಬಗ್ಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು, ಆದರೆ ಸಣ್ಣದು, ಸಾಕಿಕೊಳ್ಳಬಹುದಾದಷ್ಟು.

ಮೊದಲು ಈ ತಂಡಕ್ಕೊಂದು ಕೆಟ್ಟ ಹೆಸರಿತ್ತು. ಅರ್ಧ ಆಟಕ್ಕೇ ಎಂಟು ಹತ್ತು ಪಾಯಿಂಟು ಮುಂದಿರುತ್ತಿದ್ದರು, ಕೊನೆಗೆ ಒಂದೇ ಒಂದರಲ್ಲಿ ಸೋತು ಬರುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಹೆದರಿ ಸೋಲುತ್ತಾರೆ ಅಂತ ಜನ ಆಡಿಕೊಂಡರು. ಹೆದರಿಕೆಯಲ್ಲ, ಆಸೆ. ಗೆಲುವು ಹತ್ತಿರ ಬಂದ ಕೂಡಲೇ ಆ ಕೊನೆಯ ಪಾಯಿಂಟನ್ನು ತಾನೇ ತರಬೇಕು ಅಂತ ಪ್ರತಿಯೊಬ್ಬಳಿಗೂ ಅನಿಸಿಬಿಡುತ್ತಿತ್ತು. ನುಗ್ಗುತ್ತಿದ್ದಳು, ಸಿಕ್ಕಿಬೀಳುತ್ತಿದ್ದಳು. ಹಿಂದೆಯೇ ಇನ್ನೊಬ್ಬಳು. ಮೃತ್ಯುಂಜಯ ರೈಲ್ವೆ ತಂಡಕ್ಕೆ ಆಡಿ ಬಂದವರು, ಈ ರೋಗ ಕಂಡವರು. ದಿನಾ ಸಂಜೆ ಪ್ರಾಕ್ಟೀಸಿನ ಕೊನೆಗೆ, ಎಲ್ಲರಿಗೂ ಏದುಸಿರು ಬರುತ್ತಿರುವಾಗ, “ನಾವು ಒಂದು ಮುಂದೆ, ಐದು ನಿಮಿಷ ಬಾಕಿ” ಅಂತ ಹೇಳಿ ಮತ್ತೆ ಆಡಿಸತೊಡಗಿದರು. ಪಾಯಿಂಟಿನಾಸೆಗೆ ನುಗ್ಗಿದವಳಿಗೆ ಮಂಗಳಾರತಿ. ಏನೂ ತರದೆ ಬರುವುದು ಎಲ್ಲರಿಗಿಂತ ಚೆನ್ನಾಗಿ ಬಂದದ್ದು ಧರಣಿಗೆ. ಮೂವತ್ತು ದಾಟಿತ್ತು, ಮಂಡಿ ನೋವಿತ್ತು, ಹಾರಿ ಮುಟ್ಟುವ ಕಾಲ ಮುಗಿದಿತ್ತು. ಈ ಒಂದು ವಿದ್ಯೆ ಇಲ್ಲದಿದ್ದರೆ ಅವಳು ಯಾವತ್ತೋ ತಂಡದ ಹೊರಗಿರುತ್ತಿದ್ದಳು.

ತಂಡದ ಹೊರಗೆ ಅವಳಿಗೆ ಏನಿತ್ತು? ಮಂಡಿ ಮೊಹಲ್ಲಾದ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಕೆಲಸ. ಮಿಷನ್ನಿನ ಕರ್ಕಶ ಸದ್ದಿನಲ್ಲಿ ಇಡೀ ದಿನ ಮಾತಿಲ್ಲ ಕಥೆಯಿಲ್ಲ. ಅಂಗಡಿಯ ಹಿಂದಿನ ಓಣಿಯಲ್ಲಿ ಮಹಡಿ ಮೇಲೊಂದು ಬಾಡಿಗೆ ಕೋಣೆ. ಇಲವಾಲದ ಗಂಡನ ಮನೆ ಬಿಟ್ಟು ಬಂದು ವರ್ಷಗಳಾದವು. ಅವನು ಇನ್ನೊಂದು ಮದುವೆಯಾಗಿ ಮಗುವನ್ನೂ ಕಂಡ. ತಾಯಿ ಪುಟ್ಟಲಿಂಗಮ್ಮ ತೀರಿಕೊಂಡ ಮೇಲೆ ತವರು ಅನ್ನುವುದೂ ಹೋಯಿತು. ಸಂಜೆ ಮ್ಯಾಟಿನ ಹತ್ತಿರ ಹೋದರೆ ಹನ್ನೊಂದು ಹುಡುಗಿಯರು “ಅಕ್ಕ ಬಂದ್ರು” ಅನ್ನುತ್ತಿದ್ದರು. ಆ ಎರಡು ಮಾತಿಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು.

ಹೀಗಿರುವಾಗ ಜಿಲ್ಲಾ ಫೈನಲ್ಲಿಗೆ ಎರಡು ವಾರ ಇದೆ ಅನ್ನುವಾಗ ಮೃತ್ಯುಂಜಯ ಅವಳನ್ನು ಪಕ್ಕಕ್ಕೆ ಕರೆದರು.

“ಈ ಸೀಸನ್ ಆದ್ಮೇಲೆ ನಿನ್ನ ಮಂಡಿ ಒಪ್ಪಲ್ಲ ಕಣಮ್ಮ. ನಂಗೂ ಗೊತ್ತು, ನಿಂಗೂ ಗೊತ್ತು. ಅಷ್ಟರೊಳಗೆ ಈ ಕೊನೇ ಆಟನ ರಕ್ಷಿತಾಗೆ ಕಲಿಸ್ಬುಡು.”

ಅವಳು ಕಲಿತರೆ ನಾನೇನು ಮಾಡಲಿ ಅಂತ ಕೇಳಬೇಕು ಅನಿಸಿತು. “ಆಯ್ತು ಸಾರ್” ಅಂದಳು.

ಮೊದಲ ವಾರ ಅವಳು ಕಲಿಸಿದ್ದು ಅಷ್ಟಕ್ಕಷ್ಟೇ. ಅರ್ಧ ಹೇಳಿ ಅರ್ಧ ನುಂಗಿದರೆ ಯಾರಿಗೆ ಗೊತ್ತಾಗುತ್ತದೆ? ಒಂದು ಸಂಜೆ ರಕ್ಷಿತಾ ಸಿಕ್ಕಿಬಿದ್ದಳು. ನಾಲ್ವರ ಕೆಳಗೆ ಬಿದ್ದು, ನಡುಗೆರೆಯ ಕಡೆ ಕೈ ಚಾಚಿ, ಅದು ಎಟುಕದೆ ಒದ್ದಾಡಿದಳು. ನೋಡುತ್ತಿದ್ದ ಧರಣಿಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ಅವಳೇ ಬೆಚ್ಚಿಬಿದ್ದಳು. ಇಂಥವಳಾಗಿಬಿಟ್ಟೆನೇ ನಾನು ಅಂತ ಕೋಣೆಗೆ ಬಂದು ಊಟ ಮಾಡದೆ ಮಲಗಿದಳು.

ಮರುದಿನದಿಂದ ಬಾಯಿ ಬಿಚ್ಚಿ ಕಲಿಸಿದಳು. ಎದುರಿನವರ ಮುಖ ನೋಡಬೇಡ, ಕಾಲು ನೋಡು. ಮೂಲೆಯವಳಿಂದ ದೂರ ಇರು. ಅವರಿಗೆ ತಾಳ್ಮೆ ಕೆಡುವುದು ಕೊನೆಯ ಹತ್ತು ಸೆಕೆಂಡಿನಲ್ಲಿ, ಆಗ ನಿನ್ನದು ಕೆಡಬಾರದು. ಹಿಂದಕ್ಕೆ ಬರುವಾಗ ಅವರ ಕಡೆಗೇ ಮುಖ ಮಾಡಿ ಬೆನ್ನಿಂದ ಬಾ, ಕತ್ತು ತಿರುಗಿಸಬೇಡ.

ಎಲ್ಲ ಬಂತು ಹುಡುಗಿಗೆ, ಕತ್ತು ತಿರುಗಿಸದೆ ಇರುವುದೊಂದು ಬರಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಒಂದು ಗಳಿಗೆ ಹಿಂದೆ ತಿರುಗಿ ನೋಡುತ್ತಿದ್ದಳು. ಆ ಗಳಿಗೆಗೇ ಕಾದಿದ್ದವರಂತೆ ಎದುರಿನವರು ಕಾಲು ಹಿಡಿಯುತ್ತಿದ್ದರು.

“ಎಷ್ಟು ಸಲ ಹೇಳ್ದೆ, ನೋಡಬೇಡ ಅಂತ?”

“ನೋಡಬಾರ್ದು ಅಂತ್ಲೇ ಇರ್ತೀನಿ ಅಕ್ಕ. ಅದೆಂಗೋ ಕತ್ತು ತಿರುಗ್ಬುಡುತ್ತೆ.”

ನಡುಗೆರೆ ಎಷ್ಟು ದೂರ ಇದೆ ಅಂತ ನೋಡುತ್ತಾಳೆ ಅಂತ ಧರಣಿ ಮೊದಲು ತಿಳಿದಿದ್ದಳು. ಒಂದು ದಿನ ಅವಳ ಕಣ್ಣಿನ ಜಾಡು ಹಿಡಿದು ತಾನೂ ನೋಡಿದಳು. ಗೆರೆಯ ಆಚೆ, ಬೇಲಿಯ ಹತ್ತಿರದ ಕಲ್ಲುಬೆಂಚಿನ ಮೇಲೆ ರಕ್ಷಿತಾಳ ಅಜ್ಜಿ ಪುಟ್ಟಬಸಮ್ಮ ಕೂತಿದ್ದರು. ದಿನಾ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬರುವ ಅಜ್ಜಿ. ಅಜ್ಜಿ ನೋಡುತ್ತಿದ್ದಾರಾ ಅಂತ ಹುಡುಗಿ ನೋಡುತ್ತಿದ್ದಳು, ಅಷ್ಟೇ. ನಮ್ಮವರು ನೋಡುತ್ತಿದ್ದಾರಾ ಅನ್ನುವುದು ಬೈದು ಬಿಡಿಸುವ ಚಟವಲ್ಲ ಅಂತ ಧರಣಿಗೆ ಅರ್ಥವಾಯಿತು.

ಫೈನಲ್ಲಿನ ದಿನ ಅವಳು ಬೇಗ ಬಂದು ಕ್ರೀಡಾಂಗಣದ ಬಾಗಿಲಲ್ಲಿ ನಿಂತಳು. ಎದುರಾಳಿ ನಂಜನಗೂಡಿನ ತಂಡ. ರಕ್ಷಿತಾಳ ಮನೆಯವರು ಚಿಕ್ಕಪ್ಪ ದೊಡ್ಡಮ್ಮ ಸಮೇತ, ಡಬ್ಬಿಗಟ್ಟಲೆ ಚಕ್ಕುಲಿ ಹೊತ್ತುಕೊಂಡು ಬಂದರು. ಧರಣಿ ಅವರನ್ನೆಲ್ಲ ನಂಜನಗೂಡಿನವರ ಅಂಕಣದ ಹಿಂದಿನ ಗ್ಯಾಲರಿಗೆ ಕರೆದೊಯ್ದು ಕೂರಿಸಿದಳು.

“ಇಲ್ಯಾಕಮ್ಮ? ಇದು ಅವ್ರ ಕಡೆ ಅಲ್ವಾ?” ಅಂದರು ಪುಟ್ಟಬಸಮ್ಮ.

“ಇಲ್ಲಿಂದ ಮೊಮ್ಮಗಳ ಮುಖ ಕಾಣುತ್ತೆ ಅಜ್ಜಿ. ಅಲ್ಲಿಂದ ಬರೀ ಬೆನ್ನು.”

ಅಜ್ಜಿಗೆ ಅದು ಸರಿ ಅನಿಸಿತು. ಧರಣಿ ತನ್ನ ಬುದ್ಧಿಗೆ ತಾನೇ ಬೀಗಿದಳು. ಆದರೆ ಇಷ್ಟು ವರ್ಷ ಆಡಿದವಳಿಗೆ ಮಧ್ಯಂತರದಲ್ಲಿ ಎರಡೂ ತಂಡ ಅಂಕಣ ಬದಲಾಯಿಸುತ್ತವೆ ಅನ್ನುವುದೇ ಮರೆತುಹೋಗಿತ್ತು. ಕೊನೆಯ ನಿಮಿಷಗಳ ಚಿಂತೆಯಲ್ಲಿ ಮುಳುಗಿದವಳು ಮಧ್ಯದ್ದನ್ನು ಮರೆತಿದ್ದಳು. ಮಧ್ಯಂತರದ ಸೀಟಿ ಕೇಳಿದಾಗಲೇ ಅದು ನೆನಪಾಯಿತು. ಎದ್ದು ಕುಂಟುತ್ತ ಓಡಿ, ಅಷ್ಟೂ ಜನವನ್ನು ಎಬ್ಬಿಸಿ, ಅಜ್ಜಿಯ ರೆಟ್ಟೆ ಹಿಡಿದು ಮೆಟ್ಟಿಲಿಳಿಸಿ, ಆಚೆ ಕೊನೆಗೆ ಸಾಗಿಸಿದಳು. ಚಕ್ಕುಲಿ ಡಬ್ಬಿಯೊಂದು ಉರುಳಿ ದಾರಿಯುದ್ದಕ್ಕೂ ಚೆಲ್ಲಿತು. ದೊಡ್ಡಮ್ಮ ಗೊಣಗಿದರು. ಬೆಂಚಿಗೆ ವಾಪಸ್ ಬಂದಾಗ ಮೃತ್ಯುಂಜಯ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಬೈದರು. ಅವಳು ಮಂಡಿ ಒತ್ತಿಕೊಳ್ಳುತ್ತಾ ಕೂತಳು.

ಆಟ ಕೊನೆಗೆ ಬಂತು. ಬನ್ನಿಮಂಟಪ ಒಂದು ಪಾಯಿಂಟು ಮುಂದೆ. ಅರ್ಧ ನಿಮಿಷಕ್ಕಿಂತ ಕಡಿಮೆ ಉಳಿದಿತ್ತು, ರೈಡು ಇವರದು. ಹೋದವಳು ಹೊತ್ತು ಕಳೆದು ಬಂದರೆ ಕಪ್ ಇವರದು. ನಡುವೆ ಸಿಕ್ಕಿಬಿದ್ದರೆ ಸ್ಕೋರು ಸಮ, ಮೇಲೆ ಕೊನೆಯ ರೈಡು ನಂಜನಗೂಡಿಗೆ.

ಮೃತ್ಯುಂಜಯ ಟೈಮ್ ಔಟ್ ಕೇಳಿ, ಅಭ್ಯಾಸಬಲದಿಂದ ಬೆಂಚಿನ ಕಡೆ ತಿರುಗಿ, “ಧರಣಿ” ಅಂದರು.

ಅವಳು ಎದ್ದುನಿಂತಳು. ಮೈಯೆಲ್ಲ ಸಿದ್ಧವಾಗಿತ್ತು. ಇದೊಂದು ರೈಡು, ಕೊನೆಯದು, ಕಪ್ ತರುವುದು. ಯಾರಿಗೆ ಬೇಡ? ಮ್ಯಾಟಿನ ಮೇಲೆ ರಕ್ಷಿತಾ ಅವಳನ್ನೇ ನೋಡುತ್ತಿದ್ದಳು, ತಾನು ಬಚಾವಾದೆ ಅನ್ನುವ ಮುಖ ಮಾಡಿಕೊಂಡು. ಆ ಮುಖ ನೋಡಿ ಧರಣಿಗೆ ಅನಿಸಿತು, ನಾನು ಹೋದರೆ ಇವತ್ತು ಗೆಲ್ಲುತ್ತಾರೆ, ಮುಂದಿನ ವರ್ಷ ಮತ್ತೆ ಮೊದಲಿನ ಹಾಗೇ ಸೋಲುತ್ತಾರೆ.

“ರಕ್ಷಿತಾನೇ ಹೋಗ್ಲಿ ಸಾರ್.”

“ತಮಾಷೆ ಮಾಡ್ಬೇಡ. ಫೈನಲ್ ಇದು.”

“ಅವಳಿಗೆ ಬರುತ್ತೆ. ಕಳಿಸಿ.”

ಅಂದು ಕೂತಳು. ಕೂತ ಮರುಕ್ಷಣವೇ ಯಾಕಾದರೂ ಅಂದೆನೋ ಅನಿಸಿತು.

ರಕ್ಷಿತಾ ಹೋದಳು. ಗೆರೆ ದಾಟಿದಳು. ಎಡಕ್ಕೆ ಬಂದಳು, ಬಲಕ್ಕೆ ಬಂದಳು, ಮೂಲೆಯವಳಿಂದ ದೂರ ನಿಂತಳು. ಕೊನೆಯ ಹತ್ತು ಸೆಕೆಂಡು ಬಂತು. ನಂಜನಗೂಡಿನವರು ಸರಪಳಿ ಕಟ್ಟಿ ಮುಂದೆ ಮುಂದೆ ಬಂದರು. ಈಗ ತಿರುಗುತ್ತಾಳೆ ಅಂತ ಧರಣಿ ಹಲ್ಲು ಕಚ್ಚಿದಳು. ಹುಡುಗಿಯ ಕಣ್ಣು ಒಮ್ಮೆ ಮೇಲೆದ್ದಿತು. ಎದುರಿಗೇ ಗ್ಯಾಲರಿಯಲ್ಲಿ ಪುಟ್ಟಬಸಮ್ಮ ಎದ್ದುನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಕತ್ತು ತಿರುಗಲಿಲ್ಲ. ಕಣ್ಣು ಮತ್ತೆ ಕಾಲುಗಳ ಮೇಲೆ ಇಳಿಯಿತು. ಒಬ್ಬಳು ಬಗ್ಗಿ ಹಾರಿದಳು, ರಕ್ಷಿತಾ ಬೆನ್ನಿಂದಲೇ ಹಿಂದೆ ಜಿಗಿದಳು. ನಡುಗೆರೆಯ ಈಚೆಗೆ ಬಂದು ನಿಂತಾಗ ಕೈಯಲ್ಲಿ ಏನೂ ಇರಲಿಲ್ಲ. ಸೀಟಿ ಕೂಗಿತು.

ಆಮೇಲೆ ಆದದ್ದೆಲ್ಲ ಎಲ್ಲ ಗೆಲುವಿನಲ್ಲೂ ಆಗುವುದೇ. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಅಜ್ಜಿಯನ್ನು ಮ್ಯಾಟಿನ ಮೇಲೆ ಕರೆತಂದರು. ಮೃತ್ಯುಂಜಯ ಕನ್ನಡಕ ತೆಗೆದು ಒರೆಸಿಕೊಂಡರು. ಧರಣಿಯೂ ಎಲ್ಲರ ಬೆನ್ನು ತಟ್ಟಿ ಬಂದು, ಬೆಂಚಿನ ಕೊನೆಯಲ್ಲಿ ಕೂತು ನೀರು ಕುಡಿದಳು. ಸಂತೋಷವೇ ಆಗಿತ್ತು ಅವಳಿಗೆ. ಜೊತೆಗೆ ಮೈ ಭಾರವಾಗಿ ಏಳಲು ಮನಸ್ಸಿರಲಿಲ್ಲ.

ಗದ್ದಲದ ನಡುವೆ ರಕ್ಷಿತಾ ಬಿಡಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

“ಅಜ್ಜಿ ಹೇಳಿದ್ರು, ಅಲ್ಲಿ ಕೂರ್ಸಿದ್ದು ನೀವಂತೆ. ಅಜ್ಜಿ ಕಂಡ್ರಲ್ಲ ಅಕ್ಕ, ಆಮೇಲೆ ಹಿಂದೆ ನೋಡ್ಬೇಕು ಅಂತ್ಲೇ ಅನಿಸ್ಲಿಲ್ಲ.”

“ಗೊತ್ತಾಯ್ತು.”

“ಇಷ್ಟು ವರ್ಷ ನೀವು ಯಾರನ್ನ ನೋಡ್ಕೊಂಡು ಬರ್ತಿದ್ರಿ ಅಕ್ಕ?”

ಹುಡುಗಿ ಕೆಣಕಲು ಕೇಳಿದ್ದಲ್ಲ. ವಿದ್ಯೆಯ ಇನ್ನೊಂದು ಗುಟ್ಟು ಸಿಕ್ಕೀತು ಅಂತ ಕೇಳಿದ್ದು. ಧರಣಿಯ ಗುಂಡಿಗೆ ಗಟ್ಟಿ, ಅವಳ ತಾಳ್ಮೆ ದೊಡ್ಡದು ಅಂತ ತಂಡವೆಲ್ಲ ಅನ್ನುತ್ತಿತ್ತು, ಅವಳೂ ನಂಬಿದ್ದಳು. ಅವಳ ಕತ್ತು ಒಂದು ದಿನವೂ ತಿರುಗಿರಲಿಲ್ಲ ನಿಜ. ತಿರುಗಿದ್ದರೆ ನೋಡಲು ಯಾರಿದ್ದರು?

“ಕಾಲು ನೋಡ್ತಿದ್ದೆ ಕಣೆ. ಹೇಳ್ಕೊಟ್ಟಿಲ್ವಾ?” ಅಂದಳು.

ರಕ್ಷಿತಾ ನಕ್ಕಳು. ಆಚೆಯಿಂದ ಚಿಕ್ಕಪ್ಪ ಅವಳ ಹೆಸರು ಹಿಡಿದು ಕೂಗಿದರು. ಅವಳು ಎದ್ದಳು.

“ನಾಳೆ ಸಂಜೆ ಬರ್ತೀರಲ್ಲ ಅಕ್ಕ?”

“ನಾಳೆ ಯಾತಕ್ಕೆ? ನಿಂಗೆ ಎಲ್ಲ ಬಂತಲ್ಲ. ಹೋಗು, ಕರೀತಾವ್ರೆ” ಅಂದುಬಿಟ್ಟಳು ಧರಣಿ. ಹುಡುಗಿ ಓಡಿದಳು. ನಾಳೆ ಸಂಜೆ ಅಂಗಡಿ ಬಿಟ್ಟ ಮೇಲೆ ಎಲ್ಲಿಗೆ ಹೋಗುವುದು ಅಂತ ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ.